ಮೂರು ಗ್ಲಾಸುಗಳಲ್ಲಿ ಬೇರೆಯದು

ಬರ್ಟನ್,
ಭಾನುವಾರ, ೧೮ ಅಕ್ಟೋಬರ್ ೧೯೯೮

ಮುದ್ದಿನ ಲಿನೆಟ್‌ಗೆ,

ಅಪ್ಪ ಕೊನೆಗೂ ಪೆನ್ನು ಹಿಡಿದ ಎಂದು ನಗಬೇಡ. ನೀನು ಕಳಿಸಿದ ಆರು ಬಾಟಲಿಗಳೂ ಒಡೆಯದೆ ಬಂದು ಮೂರು ವಾರವಾಯಿತು. ಜೊತೆಗಿದ್ದ ಕಾಗದ ನಾಲ್ಕೇ ಸಾಲು. ಕುಶಲ ವಿಚಾರಿಸಿದ್ದಿಲ್ಲ, ಮಳೆ ಚಳಿಯ ಮಾತಿಲ್ಲ. ನಿಮ್ಮಮ್ಮನ ಮಗಳೇ ಸರಿ. "ತಾತನ ಪುಸ್ತಕ ನೋಡ್ಕೊಂಡು ಮಾಡಿದ್ದೀನಿ. ಕುಡಿದು ನೋಡಿ, ಇದ್ದದ್ದು ಇದ್ದ ಹಾಗೆ ಬರೀರಿ. ಸರಿಯಿಲ್ಲ ಅಂದ್ರೆ ಅಷ್ಟನ್ನೂ ಮೋರಿಗೆ ಸುರೀತೀನಿ. ಸರಿಯಿದೆ ಅಂದ್ರೆ ತಾತನ ಹೆಸರು ಹಾಕಿ ಮಾರ್ತೀನಿ." ಅಲ್ಲವೇ, ಒಂದು ವರ್ಷ ಕಾದು ಹದಕ್ಕೆ ತಂದ ಏಲ್ ಬಿಯರನ್ನು ನನ್ನ ಒಂದು ಮಾತಿಗೆ ಮೋರಿಗೆ ಸುರಿಯುತ್ತಾರೇನೇ? ಅದನ್ನು ಓದಿ ನನಗೆ ಊಟ ಸೇರಲಿಲ್ಲ.

ಗಸಿ ತಳಕ್ಕೆ ಕೂರಲಿ ಎಂದು ಬಾಟಲಿಗಳನ್ನು ಒಂದು ವಾರ ನೆಲಮಾಳಿಗೆಯಲ್ಲಿ ನಿಲ್ಲಿಸಿಟ್ಟೆ. ಅದು ನಿಜವಾದ ಕಾರಣ. ಆಮೇಲಿನ ಎರಡು ವಾರಕ್ಕೆ ಹೆದರಿಕೆಯೇ ಕಾರಣ.

ನಮ್ಮಪ್ಪ ಏಲಿನ ಅಳತೆ ಬರೆದಿಟ್ಟ ಪುಸ್ತಕ ನಿನ್ನ ಹತ್ತಿರ ಇದೆ ಎಂದೇ ನನಗೆ ಗೊತ್ತಿರಲಿಲ್ಲ. ಮಹಡಿಯ ಪೆಟ್ಟಿಗೆ ತೆಗೆದು ನೋಡಿದರೆ ಅದರ ಜಾಗದಲ್ಲಿ ನಿಮ್ಮಮ್ಮನ ಉಣ್ಣೆಯ ಕೈಗವಸುಗಳಿದ್ದವು. ಬದುಕಿದ್ದಾಗಲೇ ನಿನಗೆ ಸಾಗಿಸಿಬಿಟ್ಟಿದ್ದಾಳೆ, ನನಗೊಂದು ಮಾತೂ ಹೇಳದೆ. ಒಳ್ಳೆಯದೇ ಮಾಡಿದಳು. ನನ್ನ ಹತ್ತಿರ ಉಳಿದಿದ್ದರೆ ಇಲಿ ತಿಂದಿರುತ್ತಿತ್ತು.

ಹಳೆಯದನ್ನು ಕೆದಕದೆ ಮುಂದಕ್ಕೆ ಹೋಗಲಾರೆ. ನಿನಗೆ ಆಗ ಹತ್ತೊಂಬತ್ತು. ನಮ್ಮ ಬ್ರೂವರಿಯ ರುಚಿಕೋಣೆಗೆ ಮೊದಲ ಸಲ ಬಂದಿದ್ದೆ. ಪದ್ಧತಿಯಂತೆ ಬೆಳಗ್ಗೆ ಚಹಾ ಕುಡಿದಿರಲಿಲ್ಲ, ಘಮಘಮ ಸೋಪು ಹಾಕಿರಲಿಲ್ಲ, ಕೂದಲನ್ನು ಬಿಗಿಯಾಗಿ ಕಟ್ಟಿದ್ದೆ. ಒಬ್ಬೊಬ್ಬರ ಮುಂದೂ ಮೂರು ಗ್ಲಾಸು. ಎರಡರಲ್ಲಿ ಒಂದೇ ಏಲು, ಒಂದರಲ್ಲಿ ಬೇರೆ. ಮಾತಾಡುವಂತಿಲ್ಲ, ಬೇರೆಯದರ ಸಂಖ್ಯೆಯನ್ನು ಚೀಟಿಯಲ್ಲಿ ಬರೆಯಬೇಕು. ನೀನು ಮೂರು ಎಂದು ಬರೆದೆ. ಬ್ರೂವರಿಯ ಮುಖ್ಯಸ್ಥ ನಾನು, ಒಂದು ಎಂದು ಬರೆದೆ. ಎಂಟು ಜನರ ಎದುರು ನಿನ್ನ ಕಡೆ ತಿರುಗಿ, "ಓರ್ಮ್ ಮನೇಲಿ ಹುಟ್ಟಿ ಇಷ್ಟೂ ಮೂಗಿಲ್ವೇನೇ ನಿಂಗೆ? ಹೋಗು, ಆಫೀಸಲ್ಲಿ ಟೈಪ್ ಮಾಡ್ಕೊಂಡಿರು" ಎಂದೆ. ನೀನು ಟೈಪೂ ಮಾಡಲಿಲ್ಲ, ಮನೆಯಲ್ಲೂ ಉಳಿಯಲಿಲ್ಲ. ಸರಿಯುತ್ತರ ಯಾವುದಾಗಿತ್ತು ಎನ್ನುವುದು ಈಗ ಹಳೆಯ ಮಾತು. ಆಮೇಲೆ ಹದಿನೈದು ವರ್ಷ ನಮ್ಮ ನಡುವೆ ಕ್ರಿಸ್‌ಮಸ್ ಕಾರ್ಡುಗಳಷ್ಟೇ ಓಡಾಡಿದವು.

ಹಾಗಿದ್ದ ನೀನು ನನ್ನನ್ನೇ ರುಚಿ ಕೇಳಿದೆ. ನನಗೆ ಅತ್ತ ದರಿ ಇತ್ತ ಪುಲಿ. ಯಾಕೆ ಎಂದು ಮುಂದೆ ಓದಿದರೆ ತಿಳಿಯುತ್ತದೆ.

ನಿನ್ನೆ ಮಧ್ಯಾಹ್ನ ಹೊರೇಸ್‌ನನ್ನು ಕರೆದೆ. ಪೀಪಾಯಿ ಕಟ್ಟುತ್ತಿದ್ದ ಹೊರೇಸ್ ಟನಿಕ್ಲಿಫ್ ನೆನಪಿದ್ದಾನಲ್ಲ, ರುಚಿಕೋಣೆಯಲ್ಲಿ ನನ್ನ ಎದುರಿಗೇ ಕೂರುತ್ತಿದ್ದವನು? ಎಪ್ಪತ್ತೆರಡು ತುಂಬಿದೆ, ಮೊಣಕಾಲು ಹೋಗಿದೆ, ಬಾಯಿ ಮಾತ್ರ ಗಟ್ಟಿ. ಅರ್ಧ ಪೋರ್ಕ್ ಪೈ ಕಟ್ಟಿಕೊಂಡು ಬಂದ. ಉಳಿದರ್ಧ ದಾರಿಯಲ್ಲೇ ಹೋಗಿತ್ತು.

ನಾನು ಸುರಿಯತೊಡಗಿದೆ. ನಡುವೆ ಎರಡು ಸಲ ನಿಲ್ಲಿಸಿದೆ. ಅಷ್ಟಕ್ಕೇ ಶುರು ಮಾಡಿದ: "ಒಂದೇ ಸಲಕ್ಕೆ ಬಗ್ಗಿಸಯ್ಯಾ! ಹಸು ಕರೆದ ಹಾಗೆ ಬಿಟ್ಟು ಬಿಟ್ಟು ಸುರಿದ್ರೆ ಗಸಿಯೆಲ್ಲ ಎದ್ದು ಬರತ್ತೆ. ಕೊಡು ಇಲ್ಲಿ." ಬಾಟಲಿ ಕಿತ್ತುಕೊಂಡ. ಇನ್ನೆರಡು ಬಾಟಲಿಯನ್ನೂ ತೆರೆದು, ನನ್ನನ್ನು ಕಿಟಕಿಯ ಕಡೆ ತಿರುಗಿ ನಿಲ್ಲು ಎಂದು, ಮೂರು ಗ್ಲಾಸು ತುಂಬಿಸಿಟ್ಟ. ಇರುವುದು ನಾವಿಬ್ಬರು, ಮೂರು ಗ್ಲಾಸು ಯಾಕೋ ಎಂದು ಕೇಳಿದೆ. "ಹಳೇ ಅಭ್ಯಾಸ. ಬೇರೆ ಯಾವ್ದು ಹೇಳು ನೋಡೋಣ" ಎಂದ.

ಮೂರರಿಂದಲೂ ಒಂದೊಂದು ಗುಟುಕು ನಿಧಾನವಾಗಿ ಕುಡಿದೆ. ಮೂಗಿನ ಹತ್ತಿರ ಹಿಡಿದೆ, ಗ್ಲಾಸು ತಿರುಗಿಸಿದೆ, ಕಣ್ಣು ಮುಚ್ಚಿದೆ, ಆಟವನ್ನೆಲ್ಲ ಆಡಿದೆ. "ಎಲ್ಲಾ ಒಂದೇ ಬಾಟಲಿ ಮಾಲು ಕಣೋ. ಮೂರೂ ಚಿನ್ನ!" ಎಂದೆ. ಹೊರೇಸ್ ನಡುವಿನ ಗ್ಲಾಸನ್ನು ಒಂದು ಬೆರಳಿಂದ ದೂರ ತಳ್ಳಿದ. "ಇದು ಒದ್ದೆ ರಟ್ಟಿನ ವಾಸನೆ ಹೊಡೀತಿದೆ. ಮುಚ್ಚಳ ಸಡಿಲ ಇತ್ತು, ಗಾಳಿ ಒಳಗೆ ಹೋಗಿದೆ. ಬೀದಿ ಆಚೆ ಕಡೆ ಬೆಕ್ಕಿಗೂ ಗೊತ್ತಾಗತ್ತೆ." ಆಮೇಲೆ ನನ್ನ ಕಡೆ ತಿರುಗಿ, "ನಾಟಕ ಸಾಕು ಮಾಡು ಸಿರಿಲ್" ಎಂದ.

ಯಾವ ನಾಟಕ ಎಂದು ದಬಾಯಿಸಿದೆ. ಅವನು ಬಗ್ಗಲಿಲ್ಲ. "ರಿಟೈರ್ ಆಗೋವರೆಗೂ ನನ್ನ ಹುಬ್ಬು ನೋಡ್ಕೊಂಡೇ ಅಲ್ವೇನಯ್ಯಾ ನೀನು ತೀರ್ಪು ಕೊಡ್ತಿದ್ದಿದ್ದು? ಹುಬ್ಬು ಏರಿದ್ರೆ ಪೀಪಾಯಿ ವಾಪಸ್ಸು, ಇಳಿದ್ರೆ ಲಾರಿಗೆ. ನಾನೇನು ಅಷ್ಟು ದಡ್ಡನಾ?" ಗೊತ್ತಿದ್ದೂ ಯಾಕೆ ಬಾಯಿ ಬಿಡಲಿಲ್ಲ ಎಂದೆ. "ನನ್ನೊಂದು ಹುಬ್ಬು ಇಡೀ ಬ್ರೂವರಿ ನಡೆಸ್ತಿತ್ತು. ಅಂಥ ಕೆಲಸ ಯಾರಪ್ಪಾ ಬಿಡ್ತಾರೆ!" ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತ ನನಗೆ ಅಳುವೂ ಬಂತು, ಅವನು ಎದ್ದು ಹೋಗಿ ಪೈ ಕೊಯ್ಯಲು ಚಾಕು ಹುಡುಕಿದ.

ಹೌದು ಮರಿ, ನನಗೆ ವಾಸನೆ ತಿಳಿಯುವುದಿಲ್ಲ. ಯಾವುದೋ ಚಳಿಗಾಲದ ಫ್ಲೂ ಜ್ವರ ತೆಗೆದುಕೊಂಡು ಹೋಯಿತು, ವಾಪಸ್ಸು ಕೊಡಲಿಲ್ಲ. ನಿಮ್ಮಮ್ಮನಿಗೆ ಗೊತ್ತಾಗಿದ್ದು ಓಟ್ಸ್ ಗಂಜಿ ಸೀದ ದಿನ. ಅವಳು ಹಿತ್ತಲಿಂದ ಓಡಿ ಬಂದರೆ ಪಾತ್ರೆ ಕರಕಲಾಗಿದೆ, ನಾನು ಅದರ ಪಕ್ಕದಲ್ಲೇ ಹಾಯಾಗಿ ಪೇಪರ್ ಓದುತ್ತ ಕೂತಿದ್ದೇನೆ. "ನಾಳೆನೇ ಹೋಗಿ ಬ್ರೂವರೀಲಿ ಹೇಳ್ಬಿಡಿ" ಎಂದಳು. ಹೇಳಲಿಲ್ಲ. ಮೂಗಿಗಿಂತ ಮೂಗುತಿ ಭಾರ ಎನ್ನುತ್ತಾರಲ್ಲ, ನನ್ನ ಹುದ್ದೆಯ ಕಥೆ ಅದೇ. ಮೂಗು ಹೋದರೂ ಹುದ್ದೆ ಬಿಡಲು ಮನಸ್ಸು ಬರಲಿಲ್ಲ.

ಈಗ ನೀನು ಕೇಳಿದ್ದಕ್ಕೆ ಬರುತ್ತೇನೆ. ಬಲ್ಲದ್ದನ್ನಷ್ಟೇ ಬರೆಯುತ್ತೇನೆ, ನನ್ನ ನಾಲಿಗೆಯದು ನನ್ನದು, ವಾಸನೆ ಹೊರೇಸ್‌ನದು.

ನನ್ನ ನಾಲಿಗೆ ಹೇಳಿದ್ದು: ಸಿಹಿ ಮೊದಲು ಬರುತ್ತದೆ, ಆದರೆ ಬಾಯಿಗೆ ಅಂಟುವುದಿಲ್ಲ. ಕಹಿ ಅವಸರ ಮಾಡುವುದಿಲ್ಲ. ನುಂಗಿದ ಮೇಲೆ ಬರುತ್ತದೆ, ಬಂದದ್ದು ಬಹಳ ಹೊತ್ತು ಕೂರುತ್ತದೆ. ಗಂಟಲಿಳಿದ ಮೇಲೆ ಎದೆ ಬೆಚ್ಚಗಾಗುತ್ತದೆ. ಬಲವಾದ ಏಲು ಎಂದು ಆಗ ಗೊತ್ತಾಗುತ್ತದೆ, ಅದಕ್ಕೆ ಮೊದಲು ಅಲ್ಲ. ಅದನ್ನು ಹಾಗೆ ಬಚ್ಚಿಡುವುದು ಸುಲಭವಲ್ಲ, ಮರಿ. ನನ್ನ ಕೈಯಲ್ಲಿ ಎರಡೇ ಸಲ ಆಗಿದೆ.

ಹೊರೇಸ್ ಹೇಳಿದ್ದನ್ನು ಚೀಟಿಯಲ್ಲಿ ಬರೆದುಕೊಂಡಿದ್ದೇನೆ, ಅವನ ಮಾತಲ್ಲೇ ಕೇಳು: "ಮೊದ್ಲು ಬೆಂಕಿಕಡ್ಡಿ ಗೀಚಿದ ವಾಸನೆ. ನಮ್ಮೂರ ಬಾವಿ ನೀರಿನ ಹಾಗೆ ಬರ್ಲಿ ಅಂತ ಜಿಪ್ಸಮ್ ಹಾಕಿದ್ದಾಳೆ ಕಳ್ಳಿ, ಅಳತೆ ತಪ್ಪಿಲ್ಲ. ಆಮೇಲೆ ಕಿತ್ತಳೆ ಸಿಪ್ಪೆ ಮುರಬ್ಬ. ಬ್ರೆಡ್ಡಿನ ಅಂಚು. ಒಣಹುಲ್ಲು." ಒಂದು ಗ್ಲಾಸು ಮುಗಿಸಿ, ಇನ್ನೊಂದು ಒಳ್ಳೆಯದಕ್ಕೆ ಕೈ ಹಾಕಿ, ಅವನು ಇನ್ನೊಂದು ಮಾತು ಹೇಳಿದ. ಅವನು ನಿನ್ನ ತಾತನ ಏಲನ್ನು ತನ್ನ ಮದುವೆಯಲ್ಲಿ ಕುಡಿದವನು, ಅದನ್ನು ಮರೆತವನಲ್ಲ. "ಇದು ಈನಕ್ ಓರ್ಮ್‌ದಲ್ಲ ಕಣಯ್ಯಾ. ಆ ಮುದುಕ ಕಹಿಗೆ ಹಾಪ್ಸ್ ಹೂವು ಹಾಕುವಾಗ ಕೊನೇಲಿ ಕೈ ಬಿಗಿ ಹಿಡೀತಿದ್ದ. ಇವ್ಳು ಕೈ ಸಡಿಲ ಬಿಟ್ಟಿದ್ದಾಳೆ. ಮುದುಕ ಕುಡಿದಿದ್ರೆ ಬಯ್ದು, ಇನ್ನೊಂದು ಗ್ಲಾಸ್ ಕೇಳ್ತಿದ್ದ." ಇಷ್ಟು ಹೇಳುವಾಗ ನಾನು ಅವನ ಹುಬ್ಬನ್ನೇ ನೋಡುತ್ತಿದ್ದೆ. ಅದು ಏರಲಿಲ್ಲ.

ಆದ್ದರಿಂದ ನನ್ನ ಮಾತು ಇದು. ಒಂದು ಹನಿಯನ್ನೂ ಮೋರಿಗೆ ಸುರಿಯಬೇಡ. ಮುಚ್ಚಳ ಒತ್ತುವ ಯಂತ್ರವನ್ನು ನಾಳೆಯೇ ಬಿಚ್ಚಿ ನೋಡು. ನಾವು ತೆರೆದ ಮೂರರಲ್ಲಿ ಒಂದು ಸಡಿಲವಾಗಿತ್ತು. ತಾತನ ಹೆಸರು ಹಾಕಬೇಡ. ಸಿಟ್ಟು ಬರಿಸಿಕೊಳ್ಳಬೇಡ, ಪೂರ್ತಿ ಓದು: ಇದು ಅವರ ಏಲಲ್ಲ, ನಿನ್ನದು. ಬಾಟಲಿಯ ಮೇಲೆ ನಿನ್ನ ಹೆಸರು ಬರೆಸು. ಬೇಕೆಂದರೆ ದೊಡ್ಡದಾಗಿಯೇ ಬರೆಸು, ಈ ಮನೆಯಲ್ಲಿ ಆಕ್ಷೇಪಿಸುವವರು ಯಾರೂ ಇಲ್ಲ.

ಉಳಿದ ಮೂರು ಬಾಟಲಿ ನೆಲಮಾಳಿಗೆಯಲ್ಲಿ ನಿಂತಿವೆ. ಹೊರೇಸ್ ಇವತ್ತು ಬೆಳಗ್ಗೆಯೇ ಕಾಲೆಳೆದುಕೊಂಡು ಬಂದು ಅವುಗಳ ಆರೋಗ್ಯ ವಿಚಾರಿಸಿ ಹೋದ. ನೀನು ಬರುವವರೆಗೆ ಮುಟ್ಟಬಾರದು ಎಂದು ಬಾಗಿಲಿಗೆ ಬೀಗ ಹಾಕಿದ್ದೇನೆ. ನಿಮ್ಮ ಮ್ಯಾಟ್‌ಲಾಕ್‌ನಿಂದ ಇಲ್ಲಿಗೆ ಬೆಳಗಿನ ಬಸ್ಸು ಹಿಡಿದರೆ ಊಟದ ಹೊತ್ತಿಗೆ ಬರಬಹುದು. ಬಾ ಎಂದು ಹೇಳುವ ಮುಖ ನನಗಿಲ್ಲ, ಆದರೂ ಹೇಳುತ್ತಿದ್ದೇನೆ.

ನಿನ್ನನ್ನು ದಿನವೂ ನೆನೆಯುವ
ಅಪ್ಪ,
ಸಿರಿಲ್ ಓರ್ಮ್

ಮರೆತ ಮಾತು: ಕಾಗದವನ್ನು ಮಡಿಸಿ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. 'ಯಾವುದೋ ಚಳಿಗಾಲ' ಎಂದು ಮೇಲೆ ಬರೆದದ್ದು ಹೇಡಿತನ. ಗಂಜಿ ಸೀದದ್ದು ೧೯೮೩ರ ಜನವರಿಯಲ್ಲಿ. ನೀನು ರುಚಿಕೋಣೆಗೆ ಬಂದದ್ದು ಮಾರ್ಚಿನಲ್ಲಿ. ಅವತ್ತು ನನಗೆ ಮೂರು ಗ್ಲಾಸೂ ಒಂದೇ ಹಾಗಿದ್ದವು. ಹೊರೇಸ್‌ಗೆ ಹಲ್ಲುನೋವು, ಅವನು ಬಂದಿರಲಿಲ್ಲ, ನೋಡಲು ಹುಬ್ಬೂ ಇರಲಿಲ್ಲ. ಸುಮ್ಮನೆ ಒಂದು ಎಂದು ಗೀಚಿದೆ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ, ಗ್ಲಾಸು ತುಂಬಿಸಿದ ಹುಡುಗಿ ಅದಲುಬದಲು ಮಾಡಿದ್ದಾಳೆ ಎಂದು ಜೋರು ಮಾಡಿ, ಬೇರೆಯದು ಯಾವ ಗ್ಲಾಸು ಎಂದು ಅವಳು ಬರೆದಿಟ್ಟಿದ್ದ ಚೀಟಿಯನ್ನು ಜೇಬಿಗೆ ಹಾಕಿಕೊಂಡೆ. ಅವಳು ಅದಲುಬದಲು ಮಾಡಿರಲಿಲ್ಲ. ಅವಳ ಚೀಟಿ, ನಿನ್ನ ಚೀಟಿ, ಎರಡನ್ನೂ ಇದರ ಜೊತೆ ಇಟ್ಟಿದ್ದೇನೆ. ಎರಡರಲ್ಲೂ ಮೂರು ಎಂದೇ ಇದೆ.