ಸಂಗವ್ವನ ಪಾಲಿನ ಇಟಲಿ

ಮೆಸ್ತ್ರೆ, ಇಟಲಿ
೨೨ ಮೇ ೨೦೦೧, ಮಂಗಳವಾರ

ಪ್ರೀತಿಯ ಸಂಗವ್ವನಿಗೆ,

ಶರಣು. ಮೊದಲು ನಿನ್ನ ಕಾಲಿನ ಮಾತು, ಆಮೇಲೆ ಇಟಲಿ. ಹೇಗಿದ್ದೀ? ನೋವು ಇಳಿದಿದೆಯೋ? ಗುಳಿಗೆಯನ್ನು ಊಟದ ಮೇಲೆ ನುಂಗುತ್ತೀಯೋ, ಇಲ್ಲಾ ದಿಂಬಿನ ಕೆಳಗೆ ಇಡುತ್ತೀಯೋ? ಖಾನಾಪುರದಲ್ಲಿ ಈಗ ಕವಳಿಹಣ್ಣು ಬಂದಿರಬೇಕು, ಸಂಜೆಗೊಂದು ಮಳೆಯೂ ಬೀಳುತ್ತಿರಬೇಕು. ತವರುಮನೆಯ ಮಳೆ ನೋಡುತ್ತ ಕೂತಿದ್ದೀ ಎಂದುಕೊಂಡರೆ ನನಗೂ ತಂಪಾಗುತ್ತದೆ. ಆದರೆ ಕೂತೇ ಇದ್ದೀ ಎಂಬುದು ತಂಪಿನ ಸುದ್ದಿಯಲ್ಲ. ರೋಮಿನಿಂದ ಫೋನು ಮಾಡಿದಾಗ ಕಾಲು ಹೇಗಿದೆ ಎಂದರೆ ‘ಐತಿ ಬಿಡ್ರಿ, ಎಲ್ಲಿ ಹೋಗತೈತಿ’ ಎಂದೆ. ಮುಂದೆ ಕೇಳುವುದರೊಳಗೆ ‘ಬಿಲ್ ಏರತೈತಿ, ಇಡ್ರಿ’ ಎಂದು ಮುಗಿಸಿದೆ. ಪುಣ್ಯಕ್ಕೆ ನಿನ್ನ ತಮ್ಮನ ಹೆಂಡತಿ ಅಕ್ಕವ್ವ ನಿನ್ನ ಕೈಯಿಂದ ಫೋನು ಕಸಿದುಕೊಂಡು ಖರೇ ಸುದ್ದಿ ಹೇಳಿದಳು. ‘ಮಾಮಾ, ವೈನಿ ಇನ್ನೂ ನೆಲಕ್ಕ ಕಾಲು ಊರಿಲ್ರೀ. ವಾಕರ್ ಮ್ಯಾಲೆ ಟಾವೆಲ್ ಒಣಾ ಹಾಕ್ಯಾರ’ ಎಂದಳು. ಮಗ ಗೌರೀಶ ಅದನ್ನು ಹುಬ್ಬಳ್ಳಿಯಿಂದ ತರಿಸಿದ್ದು ಟಾವೆಲ್ ಒಣಗಿಸಲಿಕ್ಕಲ್ಲ.

ಸಿಟ್ಟಾಗಬೇಡ. ಹೋಳಿ ಹುಣ್ಣಿಮೆಯ ಮರುದಿನ ನೀನು ನಮ್ಮ ರವಿವಾರ ಪೇಟೆಯ ಮನೆಯ ಮಾಳಿಗೆ ಮೆಟ್ಟಿಲಿನಿಂದ ಜಾರಿದ್ದು ನನ್ನ ಕಣ್ಣೆದುರಿಗೇ. ಆ ಸಪ್ಪಳ ಇನ್ನೂ ಕಿವಿಯಲ್ಲಿದೆ. ನಿನ್ನ ಹೆದರಿಕೆ ನನಗೆ ತಿಳಿಯದ್ದಲ್ಲ. ಆದರೆ ಡಾಕ್ಟರು ಹೇಳಿದ್ದನ್ನು ನಾನೂ ಕೇಳಿದ್ದೇನೆ, ನೀನೂ ಕೇಳಿದ್ದೀ: ಎಲುಬು ಕೂಡಿದೆ, ಇನ್ನು ನಡೆಯದೆ ಕೂತರೆ ಕಾಲಿನ ಶಕ್ತಿ ಹೋಗುತ್ತದೆ, ಆಮೇಲೆ ಬೇಕೆಂದರೂ ಏಳಲಾಗುವುದಿಲ್ಲ. ಅವರು ಹಾಗೆಂದಾಗ ನೀನು ಗೋಡೆಯ ಕಡೆ ಮುಖ ಮಾಡಿದೆ. ಪ್ರವಾಸ ರದ್ದು ಮಾಡುತ್ತೇನೆ ಎಂದಾಗ ಮಾತ್ರ ಈ ಕಡೆ ಹೊರಳಿ, ‘ನೀವು ಹೋಗ್ರಿ. ನನ್ನ ಪಾಲಿಂದೂ ನೋಡಿ ಬರ್ರಿ, ನನ್ನ ಪಾಲಿಂದೂ ಉಂಡು ಬರ್ರಿ’ ಎಂದೆ. ಆ ಮಾತಿಗೆ ಕಟ್ಟುಬಿದ್ದು ಬಂದವನು ನಾನು. ಇಟಲಿ ಯಾರ ಕನಸಾಗಿತ್ತು? ಹೆಣ್ಣುಮಕ್ಕಳ ಶಾಲೆಯಲ್ಲಿ ಜೀವಮಾನವಿಡೀ ಚಿತ್ರಕಲೆ ಕಲಿಸಿದವಳು ನೀನು. ಮಿಲಿಟರಿ ಕ್ಯಾಂಪಿನ ಹಳೇ ಬಂಗಲೆಯ ಸಾಮಾನು ಹರಾಜಿಗೆ ಬಂದಾಗ ಎಲ್ಲರೂ ಕುರ್ಚಿ ಮೇಜು ಹಿಡಿದರೆ, ಹರಿದ ಇಟಲಿ ಚಿತ್ರದ ಪುಸ್ತಕ ಎದೆಗೊತ್ತಿಕೊಂಡು ಬಂದವಳು ನೀನು. ನಾನೋ, ಅಂಗಡಿಯ ಬೆಲ್ಲದ ಪೆಂಟಿಯ ಬಣ್ಣ ಒಂದು ಬಿಟ್ಟರೆ ಇನ್ನೊಂದು ಬಣ್ಣವನ್ನು ಕಣ್ಣಿಟ್ಟು ನೋಡದ ಮನುಷ್ಯ.

ಇನ್ನು ಇಲ್ಲಿಯ ಸುದ್ದಿ. ನಮ್ಮ ತಂಡದಲ್ಲಿ ಹೆಚ್ಚಿನವರು ಮುಂಬಯಿ, ಪುಣೆಯ ಕಡೆಯವರು. ಕರೆದುಕೊಂಡು ತಿರುಗುವವಳು ಪ್ರಮಿಳಾ ಎಂಬ ಕೊಲ್ಹಾಪುರದ ಹುಡುಗಿ. ಕೈಯಲ್ಲಿ ಹಳದಿ ಛತ್ರಿ ಎತ್ತಿ ಹಿಡಿದು ‘ಚಲಾ ಕಾಕಾ, ಚಲಾ’ ಎನ್ನುತ್ತ ನಮ್ಮನ್ನು ಕುರಿಹಿಂಡಿನಂತೆ ಹೊಡೆದುಕೊಂಡು ಹೋಗುತ್ತಾಳೆ. ಜೊತೆಗೆ ಒಬ್ಬ ಅಡುಗೆಯವನನ್ನೂ ತಂದಿದ್ದಾರೆ. ರೋಮಿನಲ್ಲಿ ಬೆಳಿಗ್ಗೆ ಅವಲಕ್ಕಿ, ರಾತ್ರಿ ಬೇಳೆಸಾರು ಅನ್ನ. ಎಲ್ಲರೂ ಹಾಯಾಗಿ ಉಂಡರು. ನನಗೆ ಮಾತ್ರ ಗಂಟಲಲ್ಲಿ ಇಳಿಯಲಿಲ್ಲ. ಅವಲಕ್ಕಿ ತಿನ್ನಲು ಸಂಗವ್ವ ನನ್ನನ್ನು ಇಲ್ಲಿಗೆ ಕಳಿಸಿದಳೇನು? ಅಕ್ಕವ್ವ ಕಟ್ಟಿಕೊಟ್ಟ ಶೇಂಗಾ ಹಿಂಡಿಯನ್ನು ಮೊದಲ ದಿನ ಪಿಜ್ಜಾದ ಮೇಲೆ ಸುರಿದುಕೊಂಡು ತಿಂದದ್ದು ನಿಜ. ಮರುದಿನದಿಂದ ಡಬ್ಬಿಯನ್ನು ಪುಣೆಯ ಹೆಣ್ಣುಮಕ್ಕಳಿಗೆ ಕೊಟ್ಟುಬಿಟ್ಟೆ. ನಿನ್ನ ಪಾಲಿನ ಊಟ ನಿನ್ನ ಪಾಲಿನಂತೆಯೇ ಆಗಬೇಕು.

ಬೆಳಗಿನ ಲಿಂಗಪೂಜೆ ಒಂದು ದಿನವೂ ತಪ್ಪಿಲ್ಲ. ಹೋಟೆಲಿನ ಸ್ನಾನದ ಕೋಣೆಯಲ್ಲಿ ಕಮೋಡಿನ ಬಾಜುವಿಗೆ ಅದೇ ಎತ್ತರದ ಇನ್ನೊಂದು ತೊಟ್ಟಿ ಇರುತ್ತದೆ, ಅದಕ್ಕೊಂದು ನಳ. ಪೂಜೆಗೆ ಮೊದಲು ಕಾಲು ತೊಳೆಯಲು ಎಷ್ಟು ಅನುಕೂಲ ಮಾಡಿದ್ದಾರೆ, ಇವರೂ ನಮ್ಮಂತೆ ಮಡಿಯ ಜನ ಎಂದು ನಾಲ್ಕು ದಿನ ಸಂತೋಷಪಟ್ಟೆ. ಬಸ್ಸಿನಲ್ಲಿ ಇದನ್ನು ಎಲ್ಲರೆದುರು ಹೊಗಳಿದಾಗ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಅದು ಕಾಲಿಗಲ್ಲವಂತೆ, ಯಾವುದಕ್ಕೆ ಎಂದು ಪತ್ರದಲ್ಲಿ ಬರೆಯಲಾರೆ, ಬಂದು ಹೇಳುತ್ತೇನೆ.

ಸಿಯೆನಾ ಎಂಬ ಊರಿನ ಹತ್ತಿರ ಒಂದು ಹಳ್ಳಿಮನೆಯಲ್ಲಿ ನಮಗೆ ಊಟ ಇಟ್ಟಿದ್ದರು. ನಮ್ಮ ಮಾಯಕ್ಕ ದೊಡ್ಡವ್ವನಷ್ಟು ವಯಸ್ಸಿನ ಮುದುಕಿ, ದೊಡ್ಡ ಮಣೆಯ ಮೇಲೆ ಹಿಟ್ಟು ನಾದಿ, ಅಂಗೈಯಿಂದ ಹೊಸೆದು ಹೊಸೆದು ಉದ್ದುದ್ದ ಎಳೆ ಮಾಡುತ್ತಿದ್ದಳು. ನಮ್ಮ ಶಾವಿಗೆಯೇ, ಆದರೆ ಬೆರಳಿನ ದಪ್ಪ. ನೀನು ನೋಡಿದ್ದರೆ ‘ಇದೇನ್ ಶಾವಿಗಿನೋ ಹಗ್ಗನೋ’ ಎನ್ನುತ್ತಿದ್ದೆ. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ನೀವೆಲ್ಲ ಮಾಡುವ ಎಳೆಯನ್ನು ಕೈಸನ್ನೆಯಲ್ಲಿ ತೋರಿಸಲು ಹೋದೆ. ಮುದುಕಿ ನನ್ನ ಕೈಗೇ ಹಿಟ್ಟು ಕೊಟ್ಟಳು. ನಲವತ್ತು ವರ್ಷ ನಿಮ್ಮ ಶಾವಿಗೆ ಉಂಡವನಿಗೆ ಒಂದು ಎಳೆಯೂ ಹೊಸೆಯಲು ಬರಲಿಲ್ಲ. ಬಂದದ್ದು ಕಡ್ಡಿಯೂ ಅಲ್ಲ, ಉಂಡೆಯೂ ಅಲ್ಲ. ಮುದುಕಿ ಅದನ್ನೂ ಬೇಯಿಸಿ ನನ್ನ ತಟ್ಟೆಗೇ ಹಾಕಿದಳು. ಮೇಲೆ ಟೊಮ್ಯಾಟೊ, ಬೆಳ್ಳುಳ್ಳಿ, ಎಣ್ಣೆ, ಇಷ್ಟೇ. ಖಾರವಿಲ್ಲ, ಒಗ್ಗರಣೆಯಿಲ್ಲ, ಆದರೂ ಬಾಯಿ ತುಂಬ ರುಚಿ. ಟೊಮ್ಯಾಟೊಗೆ ಇಷ್ಟು ರುಚಿ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನಾವು ಅದನ್ನು ಮಸಾಲೆಯಲ್ಲಿ ಮುಳುಗಿಸಿ ಕೊಲ್ಲುತ್ತೇವೆ. ಕುರಿಯ ಹಾಲಿನ ಗಿಣ್ಣದಂಥ ಗಟ್ಟಿ ಚೀಸ್ ಕೊಟ್ಟರು. ಮೂಗಿನ ಹತ್ತಿರ ತಂದರೆ ನಮ್ಮ ಕುರಿ ಕಾಯುವ ಕರೆಪ್ಪನ ಕಂಬಳಿಯ ವಾಸನೆ, ಬಾಯಲ್ಲಿಟ್ಟರೆ ಬೇರೆಯೇ. ಮೊದಲ ತುಂಡು ನನ್ನ ಪಾಲಿಗೆ, ಎರಡನೆಯದು ನಿನ್ನ ಪಾಲಿಗೆ ಎಂದು ತಿಂದೆ. ನಿನ್ನ ಪಾಲು ಯಾವಾಗಲೂ ಸ್ವಲ್ಪ ದೊಡ್ಡದೇ ಇತ್ತು, ಹೊಟ್ಟೆ ನನ್ನದಾದರೂ.

ಊಟ ಹೀಗೆ ಸಾಗಿತು. ನೋಡುವುದೇ ಕಷ್ಟವಾಯಿತು, ಸಂಗವ್ವ. ರೋಮಿನಲ್ಲಿ ನೀನು ಹೇಳಿದ ಆ ಚಿತ್ರ ಬರೆದ ಛತ್ತಿನ ಕೆಳಗೆ ನಿಂತೆ. ಕತ್ತು ಎತ್ತಿ ಎತ್ತಿ ನೋಯಿತು. ಸುತ್ತ ಸಂತೆಯ ಹಾಗೆ ಜನ, ಸುಮ್ಮನಿರಿ ಎಂದು ಕಾವಲುಗಾರರ ಕೂಗು. ದೊಡ್ಡದು, ಬಹಳ ದೊಡ್ಡದು ಎಂಬುದಷ್ಟೇ ಕಂಡಿತು. ಫ್ಲಾರೆನ್ಸಿನಲ್ಲಿ ಕೋಣೆಯ ಮೇಲೆ ಕೋಣೆ, ಚಿತ್ರದ ಮೇಲೆ ಚಿತ್ರ, ಮುಂದೆ ಹಳದಿ ಛತ್ರಿ. ಮೈಮೇಲೆ ಅರಿವೆ ಇಲ್ಲದ ದೇವಿಯೊಬ್ಬಳ ಎದುರು ಪುಣೆಯ ರಿಟಾಯರ್ ಮಾಮಲೇದಾರರು ಕನ್ನಡಕ ಒರೆಸಿ ಒರೆಸಿ ನೋಡಿದರು, ಅವರ ಹೆಂಡತಿ ಅವರನ್ನೇ ನೋಡಿದಳು. ನನಗೆ ದುಃಖವಾಯಿತು. ನಿನ್ನ ಪಾಲಿನದನ್ನು ನೋಡಲು ಬಂದು ಬರಿಗೈಯಲ್ಲಿ ಹೋಗುತ್ತಿದ್ದೇನೆ, ಇವಳಿಗೆ ಏನು ಹೇಳಲಿ ಎನ್ನಿಸಿತು.

ಮರುದಿನ ಒಂದು ಹಳೆಯ ಮಠಕ್ಕೆ ಕರೆದೊಯ್ದರು. ಈಗ ಅಲ್ಲಿ ಸ್ವಾಮಿಗಳಿಲ್ಲ, ಟಿಕೀಟು ಇದೆ. ಮೇಲೆ ಸಾಲಾಗಿ ಸಣ್ಣ ಸಣ್ಣ ಕೋಣೆ, ಒಂದೊಂದು ಕೋಣೆಯ ಗೋಡೆಗೆ ಒಂದೊಂದೇ ಚಿತ್ರ. ಒಬ್ಬ ಸ್ವಾಮಿ ಬದುಕಿಡೀ ಆ ಒಂದನ್ನೇ ನೋಡುತ್ತಿದ್ದನಂತೆ. ಪ್ರಮಿಳಾ ಅದನ್ನು ಹೇಳಿದಾಗ ನನ್ನೊಳಗೆ ಏನೋ ತೆರೆದಂತಾಯಿತು. ಒಂದನ್ನೇ ನೋಡುವುದು ನನಗೆ ಬರುತ್ತದೆ. ದಿನಾ ಬೆಳಿಗ್ಗೆ ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ರೆಪ್ಪೆ ಹೊಡೆಯದೆ ನೋಡುವುದನ್ನು ಅಪ್ಪ ನನಗೆ ದೀಕ್ಷೆಯಾದ ದಿನದಿಂದ ಕಲಿಸಿದ್ದ. ಮೆಟ್ಟಿಲು ಹತ್ತಿ ಬಂದಲ್ಲೇ ಎದುರಿಗೆ ಒಂದು ದೊಡ್ಡ ಗೋಡೆಚಿತ್ರವಿದೆ. ಉಳಿದವರು ಮುಂದೆ ಹೋದರು. ನಾನು ಮೇಲಿನ ಮೆಟ್ಟಿಲ ಮೇಲೆ, ಗೋಡೆಗೆ ಸರಿದು, ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟೆ.

ಕಂಬಗಳ ಪಡಸಾಲೆ. ಸಾದಾ ಮರದ ಸ್ಟೂಲಿನ ಮೇಲೆ ಒಬ್ಬ ಹುಡುಗಿ ಕೂತಿದ್ದಾಳೆ, ಎದೆಯ ಮೇಲೆ ಕೈ ಅಡ್ಡ ಇಟ್ಟುಕೊಂಡು. ರೆಕ್ಕೆಯ ದೇವದೂತ ಮಂಡಿ ಬಗ್ಗಿಸಿ, ನಿನ್ನ ಹೊಟ್ಟೆಯಲ್ಲಿ ದೇವರ ಮಗ ಹುಟ್ಟುತ್ತಾನೆ ಎಂದು ಅವಳಿಗೆ ಸುದ್ದಿ ಹೇಳುತ್ತಿದ್ದಾನೆ. ‘ಬಣ್ಣ ಆಮ್ಯಾಲ ನೋಡ್ರಿ, ಮೊದಲ ಬೆಳಕು ಎಲ್ಲಿಂದ ಬರ್ತೈತಿ ನೋಡ್ರಿ’ ಎಂದು ನೀನು ಹುಡುಗಿಯರಿಗೆ ಹೇಳುತ್ತಿದ್ದುದು ನೆನಪಾಯಿತು. ಎಡಗಡೆಯಿಂದ ಬರುತ್ತದೆ, ಸಂಗವ್ವ. ದೇವದೂತನ ಬೆನ್ನ ಹಿಂದಿನಿಂದ ಬಂದು ಆ ಹುಡುಗಿಯ ಮುಖಕ್ಕೆ ಬೀಳುತ್ತದೆ. ರೆಕ್ಕೆಗಳಲ್ಲಿ ಹಳದಿ, ಗುಲಾಬಿ, ಹಸಿರು ಪಟ್ಟಿ. ನಮ್ಮ ಶಹಾಪುರದ ನೇಕಾರರು ನೋಡಿದರೆ ಸೀರೆಯಂಚಿಗೆ ಇಳಿಸಿಯಾರು. ನೋಡುತ್ತ ನೋಡುತ್ತ ಅವಳ ಮುಖ ಬಿಚ್ಚಿಕೊಂಡಿತು. ಅವಳಿಗೆ ಹೆದರಿಕೆ ಇದೆ. ಆದರೂ ಹೂಂ ಅನ್ನುತ್ತಾಳೆ. ಖಾನಾಪುರದ ನಿಮ್ಮ ಪಡಸಾಲೆಯಲ್ಲಿ ನಮ್ಮ ಹಿರಿಯರು ಹೆಣ್ಣು ನೋಡಲು ಬಂದಾಗ ನೀನು ಹೀಗೇ ಕೂತಿದ್ದೆ. ನಾನು ನಾಚಿಕೆಯಿಂದ ಚಹಾದ ಬಸಿಯನ್ನೇ ನೋಡುತ್ತಿದ್ದೆ, ಆದರೆ ಓರೆಗಣ್ಣಿನಲ್ಲಿ ಅಷ್ಟು ಕಂಡಿತ್ತು. ಕಣ್ಣಲ್ಲಿ ನೀರು ಬಂತು. ಒಂದು ಚಿತ್ರ ನೋಡಿ ಅಳುವುದೆಂದರೆ ಏನೆಂದು ಕೊನೆಗೂ ತಿಳಿಯಿತು.

ಅಷ್ಟರಲ್ಲಿ ನನ್ನ ಕೈಗೆ ತಣ್ಣಗೆ ಏನೋ ಬಿತ್ತು. ರೂಢಿಯ ಪ್ರಕಾರ ಎಡ ಅಂಗೈ ತಾನಾಗಿ ಎದೆಯ ಮುಂದೆ ತೆರೆದು ನಿಂತಿತ್ತು. ಹಣೆಗೆ ವಿಭೂತಿ, ಕಣ್ಣಲ್ಲಿ ನೀರು, ಮೆಟ್ಟಿಲ ಮೇಲೆ ಕೂತ ಮುದುಕ. ಪರದೇಶದ ಯಾವುದೋ ತಾಯಿ ಕನಿಕರಪಟ್ಟು ಒಂದು ನಾಣ್ಯ ಹಾಕಿ ಹೋಗಿದ್ದಳು. ರವಿವಾರ ಪೇಟೆಯ ಬೆಲ್ಲದ ಸಾವ್ಕಾರ ಗುರುಪುತ್ರಪ್ಪನಿಗೆ ಫ್ಲಾರೆನ್ಸಿನಲ್ಲಿ ಭಿಕ್ಷೆ. ಕಾವಲಿನ ಹೆಂಗಸು ಬಂದು ಏನೋ ಅಂದಳು. ನಾನು ಕೊರಳಿನಿಂದ ಲಿಂಗ ತೆಗೆದು ಅಂಗೈಯಲ್ಲಿಟ್ಟು ತೋರಿಸಿದೆ, ಹೀಗೆ ನೋಡುತ್ತಿದ್ದೆ ಎಂದು ಕಣ್ಣಿಗೂ ಚಿತ್ರಕ್ಕೂ ಬೆರಳು ಮಾಡಿದೆ. ತಿಳಿಯಿತೋ ಇಲ್ಲವೋ, ತನ್ನ ಕೊರಳಿನ ಶಿಲುಬೆಯನ್ನು ಮುಟ್ಟಿಕೊಂಡು ಸುಮ್ಮನೆ ಹೋದಳು. ಪ್ರಮಿಳಾ ಮಾತ್ರ ನನ್ನನ್ನು ಹುಡುಕಿ ಹುಡುಕಿ ಅಳುವುದೊಂದು ಬಾಕಿ. ‘ಕಾಕಾ, ನಿಮ್ಮನ್ನ ಕಳಕೊಂಡು ನಾನು ಕೊಲ್ಹಾಪುರಕ್ಕ ಹೆಂಗ ಹೋಗ್ಲಿ’ ಎಂದು ತನಗೆ ಬರುವ ಕನ್ನಡದಲ್ಲಿ ಬೈದಳು. ನನಗಾಗಿ ಬಸ್ಸು ತಡವಾಗಿ, ಎಲ್ಲರಿಂದಲೂ ಬೈಸಿಕೊಂಡೆ. ಏನೂ ಅನ್ನಿಸಲಿಲ್ಲ, ನಿನಗೆ ಹೇಳಲು ಒಂದು ಚಿತ್ರ ಸಿಕ್ಕಿತ್ತು.

ಈ ಪತ್ರ ಬಹುಶಃ ನನ್ನ ಜೊತೆಗೇ ಊರು ಮುಟ್ಟೀತು. ಆದರೂ ಬರೆದೆ, ಎದುರಿಗೆ ಕೂತು ಇಷ್ಟೆಲ್ಲ ಮಾತಾಡುವ ಮನುಷ್ಯ ನಾನಲ್ಲ ಎಂದು ನಿನಗೆ ಗೊತ್ತು. ಗೌರೀಶನ ಆಫೀಸಿಗೆ ಫ್ಯಾಕ್ಸ್ ಮಾಡಿ ಎಂದು ಹೋಟೆಲಿನವರು ಹೇಳಿದರು. ಹಾಗೆ ಮಾಡಿದರೆ ನೀನು ಓದುವ ಮೊದಲು ಆಫೀಸಿಗೆ ಆಫೀಸೇ ಓದುತ್ತದೆ.

ನಿನ್ನ ತಮ್ಮ ಈರಣ್ಣನಿಗೂ ಅಕ್ಕವ್ವನಿಗೂ ಶರಣು ತಿಳಿಸು. ಮೊಮ್ಮಗಳು ನಿಖಿತಾಳಿಗೆ ಮುದ್ದು. ಬಸವಣ್ಣ ನಿನ್ನ ಮೈಯಲ್ಲೂ ಮನಸ್ಸಿನಲ್ಲೂ ಬಲ ಕೊಡಲಿ.

ಎಂದೂ ನಿನ್ನವನಾದ
ಗುರುಪುತ್ರಪ್ಪ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದನ್ನು ಹೇಳಲೇಬೇಕು. ಇವತ್ತು ಎಲ್ಲರೂ ವೆನಿಸ್ ನೋಡಲು ಹೋಗಿದ್ದಾರೆ. ಇಲ್ಲಿಂದ ನೀರು ದಾಟಿದರೆ ಅದೇ. ನಾನು ಹೋಗಲಿಲ್ಲ. ಜ್ವರವಿಲ್ಲ, ಸುಸ್ತಿಲ್ಲ, ಬೇಕೆಂದೇ ಉಳಿದೆ. ಪ್ರಮಿಳಾ ಕೈ ಮುಗಿದು ಕರೆದಳು, ಮಾಮಲೇದಾರರು ತಲೆ ಕೆಟ್ಟಿದೆ ಎಂದರು. ರೋಮ್, ಫ್ಲಾರೆನ್ಸ್ ಇಬ್ಬರ ಪಾಲಿಂದೂ ನೋಡಿದೆ, ಇದೊಂದನ್ನು ನಿನ್ನ ಪಾಲಿಂದ ನೋಡಲಾರೆ, ನಿನ್ನ ಜೊತೆಗೇ ನೋಡುವೆ. ಮುಂದಿನ ವರ್ಷ ಎರಡು ಸೀಟು ಹಿಡಿ ಎಂದು ಪ್ರಮಿಳಾಗೆ ಹೇಳಿದ್ದೇನೆ. ಆ ಊರಲ್ಲಿ ಮೋಟಾರಿಲ್ಲವಂತೆ, ಓಣಿಗೊಂದು ಸೇತುವೆ, ಸೇತುವೆಗೆಲ್ಲ ಮೆಟ್ಟಿಲು, ನಡೆದೇ ನೋಡಬೇಕಂತೆ. ನೀನು ನಡೆಯದಿದ್ದರೆ ನಾನೂ ನೋಡುವುದಿಲ್ಲ. ಇಟಲಿಗೆ ಹೋಗಿ ವೆನಿಸ್ ಬಿಟ್ಟು ಬಂದ ಹುಂಬ ಎಂದು ಪೇಟೆಯೆಲ್ಲ ನಕ್ಕರೂ ನಗಲಿ. ನೀನು ಮಂಚದಿಂದ ಬಾಗಿಲ ತನಕ ನಡೆದು ಬಾ. ಬಾಗಿಲಿನಿಂದ ವೆನಿಸಿನ ತನಕ ನಾನು ಕೈ ಹಿಡಿದು ಕರೆದೊಯ್ಯುತ್ತೇನೆ.