ಎರಡು ಕಟ್ಟು ಕಬ್ಬು

ಕಂಬಂ
1894, ತೈ ತಿಂಗಳು

ಮುದ್ದಿನ ಮಗಳು ಕಣ್ಣಮ್ಮಾಳಿಗೆ,

ಎದೆ ಗಟ್ಟಿ ಮಾಡಿಕೋ ತಾಯಿ. ನಿನ್ನೆ ನಮ್ಮ ಚಾವಡಿಯ ಹತ್ತಿರ, ಊರೆಲ್ಲ ನೋಡುತ್ತಿದ್ದಂತೆ, ಬಿದ್ದೇಬಿಟ್ಟಿತು!

ಅಳಬೇಡ, ಅಳಬೇಡ. ಬಿದ್ದದ್ದು ಚಾವಡಿಯಲ್ಲ, ನಿನ್ನಣ್ಣ ತಂಗವೇಲನ ಹಠ. ಕಲ್ಲುಕಂಬ ಒಂದೂ ಅಲುಗಿಲ್ಲ. ಕಾಗದ ಓದಿ ಹೇಳುತ್ತಿರುವ ಅಳಿಯಂದಿರೂ ಬೆಚ್ಚಿರಬೇಕು. ನನಗೆ ಅಷ್ಟು ಸಾಕು.

ಹಿರಿಯರು ಕಟ್ಟಿಸಿದ ಚಾವಡಿ ಕೆಡವಿ ಅಲ್ಲೇ ಮೂರಂತಸ್ತಿನ ಮನೆ ಎಬ್ಬಿಸುತ್ತೇನೆಂದು ಅವನು ದಿಂಡಿಗಲ್ಲಿನ ಹೊಗೆಸೊಪ್ಪಿನ ವ್ಯಾಪಾರಿಗಳ ಮುಂದೆಲ್ಲ ಹೇಳಿಕೊಂಡುಬಿಟ್ಟಿದ್ದ. ಕೆಡವಿದರೆ ತವರಿನ ಹೊಸ್ತಿಲು ತುಳಿಯೆನೆಂದು ನೀನು ಗಂಡನ ಊರು ಓಡೈಪಟ್ಟಿಗೆ ಹೊರಟುಹೋದೆ. ನಡುವೆ ನಾನು, ಎರಡೆತ್ತು ಎರಡು ಕಡೆ ಎಳೆದ ನೊಗದ ಹಾಗೆ.

“ಅಪ್ಪಾ, ಈ ಮುದಿ ಕಲ್ಲ ಇಟ್ಕಂಡು ಏನ್ ಮಾಡ್ತೀ?” ಅಂದ.

“ಮುದಿಯಾದದ್ದೆಲ್ಲ ಕೀಳೋದಾದ್ರೆ ಮೊದ್ಲು ನನ್ನ ಕೀಳಪ್ಪಾ. ಹಲ್ಲಿನಂಗೆ ನಾನೂ ಅಲ್ಲಾಡ್ತಿದೀನಿ” ಅಂದೆ.

ನಗಲಿಲ್ಲ. ಹಾಗಾದರೆ ದೇವರೇ ಹೇಳಲಿ ಅಂದ.

ದೇವರ ಮಂದೆಗೆ ಪಟ್ಟದ ಹೋರಿ ಆರಿಸುವಾಗ ನಮ್ಮವರು ಕಬ್ಬಿಟ್ಟು, ತಿಂದ ಹೋರಿಯೇ ದೇವರು ಒಪ್ಪಿದ್ದು ಎನ್ನುತ್ತಾರಲ್ಲ, ಹಾಗೇ ಇಲ್ಲೂ. ಚಾವಡಿಯ ಮುಂದೆ ಒಂದು ಕಟ್ಟು ಕಬ್ಬು, ಹಿಂದೆ ಬಣವೆಯ ಹಿತ್ತಲಲ್ಲಿ ಒಂದು ಕಟ್ಟು. ಹೋರಿ ಯಾವುದನ್ನು ತಿನ್ನುತ್ತದೋ ಅಲ್ಲೇ ಮನೆ.

ಪಟ್ಟದ ಹೋರಿ ಬಂತು. ಚಾವಡಿಯ ಕಬ್ಬಿಗೆ ಮೂಗು ತಾಗಿಸಿತು. ಭುಸ್ ಎಂದು ತಲೆ ಒದರಿ, ನೇರ ಹಿತ್ತಲಿಗೆ ನಡೆದು, ಅಲ್ಲಿಯ ಕಬ್ಬನ್ನು ಗರಿಯೂ ಬಿಡದೆ ಮುಗಿಸಿತು. ನಿನ್ನ ಸೋದರತ್ತೆ ಮಾರಿಯಮ್ಮಾಳ್ ಕೈಯೆತ್ತಿ ಕೂಗಿದಳು: “ಸಾಮಿ ಹೇಳ್ಬುಡ್ತು! ಇನ್ನ ಯಾವನ್ ಬಾಯ್ ತೆಗೀತಾನೋ ತೆಗೀಲಿ!”

ಹಿತ್ತಲಲ್ಲಿ ಮೂರಂತಸ್ತು ಏಳಲಿ, ಬೇಡವೆನ್ನಲಾರೆ. ಮೇಲೆ ನಿಂತರೆ ಕಣಿವೆಯ ಗದ್ದೆಯೆಲ್ಲ ಕಾಣುತ್ತದಂತೆ. ಹತ್ತಿ ನೋಡುವ ಆಸೆ ನನಗೂ ಇದೆ. ಒಳಗೆ ಹೋಗುವ ದಾರಿ ಮಾತ್ರ ಚಾವಡಿಯ ಕಂಬಗಳ ನಡುವೆಯೇ. ಅದರ ಸೂರು ತಗ್ಗು, ಎಷ್ಟು ಎತ್ತರದವನೂ ಅಲ್ಲಿ ತಲೆ ತಗ್ಗಿಸಲೇಬೇಕು. ನೀನೂ ಬಾ. ಅಡಿಗಲ್ಲು ಇಡುವ ದಿನ ದೀಪ ತಂಗಿಯೇ ಹಚ್ಚಬೇಕೆಂದು ಅವನು ಹೇಳಿದ್ದಾನೆ.

ಇನ್ನೂ ಅಲ್ಲಾಡುತ್ತಲೇ ಇರುವ ನಿನ್ನಪ್ಪ,
ಮಾಯಾಂಡಿ

ಮರೆತ ಮಾತು: ಅಳಿಯಂದಿರೇ, ಇದನ್ನು ಅವಳ ಕಿವಿಯಲ್ಲಿ ಮಾತ್ರ ಓದಿ. ಹೋರಿ ಭುಸ್ ಅಂದದ್ದು ಯಾಕೆಂದು ಆಮೇಲೆ ಹೋಗಿ ಚಾವಡಿಯ ಕಬ್ಬು ಮೂಸಿದೆ. ಬೇವಿನೆಣ್ಣೆ! ನಾನಲ್ಲ, ದೇವರಾಣೆ. ಸಂಜೆ ತಂಗವೇಲ ಬಂದು ನನ್ನ ಕಾಲು ಮುಟ್ಟಿದಾಗ ಅವನ ಕೈಯಲ್ಲೂ ಅದೇ ವಾಸನೆ. ಆಡಿದ ಮಾತನ್ನು ತಾನು ನುಂಗಲಾರದೆ, ಕಬ್ಬನ್ನು ಹೋರಿಯೂ ನುಂಗದ ಹಾಗೆ ಮಾಡಿದ್ದಾನೆ, ಪಾಪ. ನಾನು ಕೇಳಲಿಲ್ಲ. ಹಿತ್ತಲಿನ ಕಬ್ಬಿಗೆ ಬೆಲ್ಲದ ನೀರು ಸವರಿದ್ದು ಮಾತ್ರ ನಾನೇ.