ಮೂವತ್ತೊಂದು ಹೆಸರುಗಳನ್ನು ನಾನು ಕೊಡುವುದಿಲ್ಲ

ಆರೋಗ್ಯ ಇಲಾಖೆಯ ಮಾನ್ಯ ಕಾರ್ಯಕ್ರಮಾಧಿಕಾರಿಗಳೇ,

ಮೂವತ್ತೊಂದು ಜನರ ಹೆಸರು, ತಂದೆಯ ಹೆಸರು, ಊರು, ಮೊಬೈಲ್ ಸಂಖ್ಯೆಗಳನ್ನು ಏಳು ದಿನದೊಳಗೆ ಸಲ್ಲಿಸತಕ್ಕದ್ದು, ತಪ್ಪಿದಲ್ಲಿ ನನ್ನ ಸಂಶೋಧನೆಗೆ ನೀಡಿರುವ ಅನುಮತಿಯನ್ನು ರದ್ದುಪಡಿಸಲಾಗುವುದು ಎಂಬ ನಿಮ್ಮ ಪತ್ರ ತಲುಪಿದೆ. ನಾನು ಸಲ್ಲಿಸುವುದಿಲ್ಲ. ಕಳೆದ ವರ್ಷ ನಿಮಗೆ ಹದಿನಾಲ್ಕು ಹೆಸರು ಕೊಟ್ಟಿದ್ದೆ. ಅವನ್ನು ನೀವು ಪಂಚಾಯ್ತಿ ಗೋಡೆಗೆ ಅಂಟಿಸಿದಿರಿ. ಈ ಉತ್ತರವನ್ನು ನಿಮಗೊಬ್ಬರಿಗೇ ಬರೆಯಬಹುದಿತ್ತು. ಆದರೆ ನಿಮ್ಮ ಕಚೇರಿಗೆ ಗುಟ್ಟಾಗಿ ಬರೆದದ್ದು ಗುಟ್ಟಾಗಿ ಉಳಿಯುವುದಿಲ್ಲವೆಂಬ ಅನುಭವ ನನಗಿರುವುದರಿಂದ ನೇರವಾಗಿ ಪತ್ರಿಕೆಗೇ ಬರೆಯುತ್ತಿದ್ದೇನೆ.

ಓದುವವರಿಗೆ ತಿಳಿಯಲೆಂದು ಸ್ವಲ್ಪ ಹಿನ್ನೆಲೆ. ನಾನು ಜೀವರಸಾಯನ ಶಾಸ್ತ್ರ ಕಲಿತವಳು. ನಮ್ಮ ರಕ್ತವನ್ನು ಕೆಂಪಾಗಿಸುವ, ಆಮ್ಲಜನಕವನ್ನು ಮೈಗೆಲ್ಲ ಹೊತ್ತೊಯ್ಯುವ ಹಿಮೋಗ್ಲೋಬಿನ್ ಎಲ್ಲರಲ್ಲೂ ಒಂದೇ ಥರ ಇರುವುದಿಲ್ಲ. ಅದಕ್ಕೆ ಸಾವಿರಕ್ಕೂ ಮಿಕ್ಕಿ ರೂಪಾಂತರಗಳಿವೆ. ಹೆಚ್ಚಿನವು ಯಾರಿಗೂ ತೊಂದರೆ ಕೊಡುವುದಿಲ್ಲ. ಒಂದು ರೂಪಾಂತರದಲ್ಲಿ ನೂರ ನಲವತ್ತಾರು ಕೊಂಡಿಗಳ ಸರಪಳಿಯ ಆರನೆಯ ಕೊಂಡಿಯೊಂದೇ ಬದಲಾಗಿರುತ್ತದೆ. ಅದು ತಂದೆ ತಾಯಿ ಇಬ್ಬರಿಂದಲೂ ಬಂದರೆ ರಕ್ತಕಣ ಕುಡುಗೋಲಿನಂತೆ ಬಾಗಿ, ಮಗು ಜೀವಮಾನವಿಡೀ ನೋವು ತಿನ್ನುತ್ತದೆ. ಇದೇ ಕುಡುಗೋಲು ರೋಗ, ಅಂದರೆ ಸಿಕಲ್ ಸೆಲ್. ಒಬ್ಬರಿಂದ ಮಾತ್ರ ಬಂದರೆ ಆ ವ್ಯಕ್ತಿ ವಾಹಕ, ಅಷ್ಟೆ. ವಾಹಕರು ರೋಗಿಗಳಲ್ಲ. ಗದ್ದೆ ಕೆಲಸ ಮಾಡುತ್ತಾರೆ, ಕಬಡ್ಡಿ ಆಡುತ್ತಾರೆ, ಮೊಮ್ಮಕ್ಕಳನ್ನು ಎತ್ತಿ ಆಡಿಸುತ್ತಾರೆ. ಇಬ್ಬರು ವಾಹಕರು ಮದುವೆಯಾದಾಗ ಮಾತ್ರ ಹುಟ್ಟುವ ಪ್ರತಿ ಮಗುವಿಗೂ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಇದನ್ನು ಮುಂಚಿತವಾಗಿ ತಿಳಿಸಲೆಂದೇ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಮೂರು ವರ್ಷದಿಂದ ಮನೆಮನೆಗೆ ಹೋಗಿ ರಕ್ತ ಪರೀಕ್ಷಿಸುತ್ತಿದ್ದೇನೆ.

ಸಾಗರದ ಹತ್ತಿರದ ಒಂದು ಊರು. ಊರಿನ ಹೆಸರು ಬರೆಯುವುದಿಲ್ಲ. ಜನರ ಹೆಸರುಗಳನ್ನೂ ಬದಲಿಸಿದ್ದೇನೆ. ಕೆರಿಯಮ್ಮ ಎಂಬ ಅಜ್ಜಿ, ಮೊಮ್ಮಗಳು ಸುಷ್ಮಾಳ ಪಕ್ಕ ಕೂತು ನನ್ನ ಕೈಯಲ್ಲಿದ್ದ ಸೂಜಿಯನ್ನೇ ನೋಡುತ್ತಿದ್ದರು. "ಮದುವೆಗಿರೋ ಹುಡುಗಿ ಮೇಡಂ. ಎಂತಾದ್ರೂ ಹೆಚ್ಚುಕಮ್ಮಿ ಇದ್ರೆ ಹೊರಗೆ ಗೊತ್ತಾಗದಿಲ್ಲ ಅಲ್ದಾ?" ಎಂದರು.

"ಇಲ್ಲ ಅಜ್ಜಿ. ಅವಳಿಗೆ, ನನಗೆ ಬಿಟ್ಟು ಯಾರಿಗೂ ಗೊತ್ತಾಗಲ್ಲ," ಎಂದೆ.

ಸುಷ್ಮಾ ವಾಹಕಿ ಎಂದು ಗೊತ್ತಾದಾಗ ಅವಳೊಬ್ಬಳನ್ನೇ ಕೂರಿಸಿಕೊಂಡು ಹೇಳಿದೆ: ನಿನಗೆ ರೋಗವಿಲ್ಲ, ಮದುವೆಯಾಗುವ ಹುಡುಗನ ರಕ್ತವನ್ನು ಒಮ್ಮೆ ಪರೀಕ್ಷೆ ಮಾಡಿಸಿದರೆ ಸಾಕು. ಕಾರ್ಗಲ್ಲಿನ ಕಿರಣ್ ಎಂಬ ವೈರ್‌ಮನ್ ಜೊತೆ ಆಗ ಮಾತುಕತೆ ಮುಗಿದಿತ್ತು. ತಾನೇ ಅವನಿಗೆ ನಿಧಾನವಾಗಿ ಹೇಳುತ್ತೇನೆ ಎಂದಳು.

ಆ ನಿಧಾನಕ್ಕೆ ನೀವು ಅವಕಾಶ ಕೊಡಲಿಲ್ಲ. 'ಆಪ್ತ ಸಲಹೆಗಾಗಿ' ವಾಹಕರ ವಿವರ ಬೇಕೆಂದು ನಿಮ್ಮ ಸುತ್ತೋಲೆ ಬಂತು. ನಾನು ಹೆಸರುಗಳ ಬದಲು ಕ್ರಮಸಂಖ್ಯೆ ಕೊಡಬಹುದಿತ್ತು. ಪ್ರತಿಯೊಬ್ಬರನ್ನೂ ಕೇಳಿ ಕೊಡಬಹುದಿತ್ತು. ಎರಡನ್ನೂ ಮಾಡಲಿಲ್ಲ. ಸರ್ಕಾರಿ ಕಚೇರಿ ಕೇಳಿದೆ ಎಂಬ ಒಂದೇ ಕಾರಣಕ್ಕೆ, ಲಕೋಟೆಯ ಮೇಲೆ 'ಗೋಪ್ಯ' ಎಂದು ಬರೆದರೆ ಸಾಕೆಂದು ನಂಬಿ, ಕಳಿಸಿಬಿಟ್ಟೆ. ಈ ಪತ್ರದಲ್ಲಿ ನಿಮ್ಮನ್ನು ದೂರುವ ಮೊದಲು ಇದನ್ನು ಒಪ್ಪಿಕೊಳ್ಳಬೇಕು.

ಸುಷ್ಮಾ ಕೆಲಸ ಮಾಡುವುದು ಸಾಗರದ ಒಂದು ಜೆರಾಕ್ಸ್ ಅಂಗಡಿಯಲ್ಲಿ. ಒಂದು ಸೋಮವಾರ ನಿಮ್ಮ ಕಚೇರಿಯ ಜವಾನ ಉಮೇಶ್ ಒಂದು ಹಾಳೆ ತಂದು ಇಪ್ಪತ್ತು ಪ್ರತಿ ಕೇಳಿದ. ದಿನವೂ ಬರುವ ಗಿರಾಕಿ. ಅವಳು ಹಾಳೆಯನ್ನು ಓದದೆ ಗಾಜಿನ ಮೇಲೆ ಕವುಚಿ ಹಾಕಿದಳು. ಪ್ರತಿಗಳು ಹೊರಬರುವಾಗ ಮೇಲಿನ ಸಾಲು ಕಣ್ಣಿಗೆ ಬಿತ್ತು: 'ಕುಡುಗೋಲು ರೋಗಪೀಡಿತರ ಪಟ್ಟಿ'. ಒಂಬತ್ತನೆಯ ಹೆಸರು ಅವಳದು. ಪಕ್ಕದಲ್ಲಿ ಅಪ್ಪನ ಹೆಸರು, ಮೊಬೈಲ್ ನಂಬರು.

"ಇದು ಎಲ್ಲಿಗೆ ಅಣ್ಣ?" ಎಂದು ಕೇಳಿದಳಂತೆ.

"ಪಂಚಾಯ್ತಿ ಬೋರ್ಡಿಗೆಲ್ಲ ಹಚ್ಬೇಕಂತೆ. ಜಾಗೃತಿ ಸಪ್ತಾಹ ಅಲ್ವಾ," ಎಂದ ಉಮೇಶ್. ಅವನೂ ಹಾಳೆಯನ್ನು ಓದಿರಲಿಲ್ಲ.

ಅವನ ಹಿಂದೆ ನಾಲ್ಕು ಜನ ಕಾಯುತ್ತಿದ್ದರು. ಯಂತ್ರ ನಿಲ್ಲಿಸಿದರೆ ಯಾಕೆಂದು ಹೇಳಬೇಕಾಗುತ್ತಿತ್ತು. ಇಪ್ಪತ್ತೂ ಪ್ರತಿಗಳನ್ನು ಮುಗಿಸಿ, ಅಂಚು ಸರಿಮಾಡಿ, ಅವನ ಕೈಗೆ ಕೊಟ್ಟಳು. ಆಮೇಲೆ ಅಂಗಡಿಯ ಹಿಂದೆ ಹೋಗಿ ನನಗೆ ಫೋನ್ ಮಾಡಿದಳು. "ಮೇಡಂ, ನಂಗೆ ರೋಗ ಇಲ್ಲ ಅಂದಿದ್ರಿ. ಇಲ್ಲಿ ಇದೆ ಅಂತ ಬರ್ದಿದ್ದಾರೆ. ಯಾವ್ದು ನಿಜ?" ಧ್ವನಿ ಏರಿಸಲಿಲ್ಲ, ಅಳಲಿಲ್ಲ. ನಾನು ತೀರ್ಥಹಳ್ಳಿಯಿಂದ ಬಸ್ಸು ಹಿಡಿದು ಸಾಗರ ತಲುಪುವಷ್ಟರಲ್ಲಿ ಹಾಳೆ ಬೋರ್ಡಿಗೂ ಏರಿತ್ತು, ವಾಟ್ಸಾಪಿಗೂ ಏರಿತ್ತು.

ಮಾನ್ಯರೇ, ನಾನು ಕಳಿಸಿದ ವರದಿಯಲ್ಲಿ 'ವಾಹಕ' ಎಂಬ ಪದ ಹದಿನಾಲ್ಕು ಕಡೆ ಇತ್ತು. ಅದು ಯಾವ ಮೇಜಿನ ಮೇಲೆ 'ರೋಗಪೀಡಿತ' ಆಯಿತು? ಸಹಿ ಹಾಕುವ ಮೊದಲು ನೀವು ಓದಿದಿರಾ, ಅಥವಾ ಓದಿಯೂ ವ್ಯತ್ಯಾಸವೇನು ಮಹಾ ಎನಿಸಿತೇ? ನಿಮ್ಮ ಮನೆಯವರೊಬ್ಬರ ರಕ್ತದ ವರದಿಯನ್ನು ಬಸ್‌ಸ್ಟ್ಯಾಂಡಿನಲ್ಲಿ ತೂಗುಹಾಕಿದರೆ ಅದನ್ನು ಯಾವ ಸಪ್ತಾಹವೆಂದು ಕರೆಯುವಿರಿ?

ನಾಲ್ಕನೆಯ ದಿನ ಕಿರಣ್ ಮನೆಯವರು ನಿಶ್ಚಿತಾರ್ಥ ಮುಂದೆ ಹಾಕಿದರು. ನಾನು ಕಾರ್ಗಲ್‌ಗೆ ಹೋದೆ. ಅವನ ತಂದೆ ರಾಜೇಂದ್ರ ಮರ್ಯಾದಸ್ಥರು. ಕಾಫಿ ಕೊಟ್ಟು, ನನ್ನ ಮಾತನ್ನೆಲ್ಲ ಕೇಳಿದರು. ಕೊನೆಗೆ ಹೇಳಿದರು: "ನೀವು ಹೇಳೋದು ಸರಿ ಇರಬಹುದು. ಆದ್ರೆ ರೋಗ ಅಂತ ಸೀಲ್ ಒತ್ತಿ ಹಾಕಿದ್ದು ಸರ್ಕಾರದವರು. ಇಲ್ಲ ಅಂತಾನೂ ಅವ್ರೇ ಸೀಲ್ ಒತ್ತಿ ಕೊಡ್ಲಿ."

ಆ ಸೀಲಿಗಾಗಿ ನಾನು ನಿಮ್ಮೆದುರು ನಿಂತೆ. ನೆನಪಿರಬಹುದು. "ಪಟ್ಟಿ ತೆಗೆಸಿದ್ದೇವಲ್ಲ ಮೇಡಂ. ತಿದ್ದುಪಡಿ ಹೊರಡಿಸಿದ್ರೆ ತಪ್ಪು ಒಪ್ಪಿಕೊಂಡ ಹಾಗೆ ಆಗುತ್ತೆ," ಎಂದಿರಿ. ಎಷ್ಟು ಸ್ಪಷ್ಟವಾದ ಮಾತು. ತಪ್ಪು ನಡೆದಿದೆ ಎಂಬುದು ನಿಮಗೆ ಗೊತ್ತಿತ್ತು. ಅದನ್ನು ಒಪ್ಪಿಕೊಂಡಂತೆ ಕಾಣಬಾರದು, ಅಷ್ಟೆ.

ಮರುವಾರ ಕಿರಣ್ ಒಬ್ಬನೇ ನನ್ನ ಪ್ರಯೋಗಾಲಯಕ್ಕೆ ಬಂದ. "ಅಪ್ಪಂಗೆ ಗೊತ್ತಿಲ್ಲ. ತಗೊಳ್ಳಿ ರಕ್ತ," ಎಂದು ತೋಳು ಚಾಚಿದ. ಅವನ ಹಿಮೋಗ್ಲೋಬಿನ್‌ನಲ್ಲಿ ಯಾವ ರೂಪಾಂತರವೂ ಇರಲಿಲ್ಲ. ಅವನ ಮತ್ತು ಸುಷ್ಮಾಳ ಒಪ್ಪಿಗೆ ಪಡೆದೇ ಇದನ್ನೆಲ್ಲ ಬರೆಯುತ್ತಿದ್ದೇನೆ. ಅವರಿಬ್ಬರ ಮಕ್ಕಳಿಗೆ ಈ ರೋಗ ಬರುವ ಸಂಭವವೇ ಇರಲಿಲ್ಲ. ವರದಿ ಹಿಡಿದು ಅವನು ನೇರವಾಗಿ ಸುಷ್ಮಾಳ ಅಂಗಡಿಗೆ ಹೋದ. ಇದನ್ನು ತೋರಿಸಿದರೆ ಮನೆಯಲ್ಲಿ ಒಪ್ಪುತ್ತಾರೆ ಎಂದ. ಅವಳು ಓದಿ, ಮಡಿಸಿ, ವಾಪಸು ಕೊಟ್ಟಳು.

"ಕಾಗದ ತಂದ್ರೆ ಮಾತ್ರ ಒಪ್ಪೋ ಮನೇಲಿ ನಾನು ನಾಳೆ ಜ್ವರ ಬಂದ್ರೂ ಹೇಳೋ ಹಂಗಿರಲ್ಲ ಕಿರಣ್. ಬ್ಯಾಡ ಬಿಡಿ," ಎಂದಳಂತೆ.

ಸಂಬಂಧ ಅಲ್ಲಿಗೆ ಮುಗಿಯಿತು. ಅವನಿಗೆ ಅವಳ ಮೇಲೆ ಕೋಪವಿಲ್ಲ. ಅವಳಿಗೂ ಇಲ್ಲ. ಕೆರಿಯಮ್ಮನವರ ಮನೆಗೆ ನಾನು ಹೋದಾಗ ಅಜ್ಜಿ ಚಾಪೆ ಹಾಸಿದರು, ನೀರು ಕೊಟ್ಟರು. ಬೈದಿದ್ದರೆ ಸ್ವಲ್ಪ ಹಗುರಾಗುತ್ತಿತ್ತು.

ಇದು ಒಂದು ಮನೆಯ ಕಥೆ ಎಂದು ನೀವು ಕಡತ ಮುಚ್ಚಬಹುದು. ಹೋದ ತಿಂಗಳು ಮೇಗರವಳ್ಳಿಯ ಕಡೆ ಶಿಬಿರ ಇಟ್ಟಿದ್ದೆವು. ತೊಂಬತ್ತು ಜನ ಹೆಸರು ಬರೆಸಿದ್ದರು, ಬಂದವರು ಆರು. ಬರದವರಲ್ಲಿ ಸರೋಜ ಎಂಬ ಮೂರು ತಿಂಗಳ ಗರ್ಭಿಣಿ. ಅವಳ ಗಂಡ ವಾಹಕನೆಂದು ನನಗೆ ಗೊತ್ತು, ಅವನಿಗೂ ಗೊತ್ತು. ಅವಳೂ ವಾಹಕಿಯೋ ಅಲ್ಲವೋ ಎಂದು ಈಗಲೇ ತಿಳಿಯುವುದು ಎಷ್ಟು ಮುಖ್ಯವೆಂದು ಬಾಗಿಲಲ್ಲಿ ನಿಂತು ವಿವರಿಸಿದೆ. "ಬೋರ್ಡಿಗೆ ಹಾಕ್ತೀರಿ," ಎಂದು ಒಳಗೆ ಹೋದಳು. ಎರಡು ಸಲ ಹೋಗಿ ಬಂದಿದ್ದೇನೆ. ಇನ್ನೂ ಸೂಜಿ ಮುಟ್ಟಿಸಿಕೊಂಡಿಲ್ಲ. ದಿನಗಳು ಹೋಗುತ್ತಿವೆ. ಆ ಮಗುವಿನ ವಿಷಯದಲ್ಲಿ ಏನಾದರೂ ಆದರೆ ಅದು ನಿಮ್ಮ ಯಾವ ಪಟ್ಟಿಗೆ ಸೇರುತ್ತದೆ?

ಆದ್ದರಿಂದ ಕೇಳುತ್ತಿದ್ದೇನೆ. ಆ ಹಾಳೆ ಅಂಟಿಸಿದ ಪ್ರತಿಯೊಂದು ಬೋರ್ಡಿನ ಮೇಲೂ ಅಷ್ಟೇ ದೊಡ್ಡ ಅಕ್ಷರದಲ್ಲಿ, ನಿಮ್ಮ ಸಹಿ ಮತ್ತು ಸೀಲಿನೊಂದಿಗೆ ಬರೆಯಿರಿ: ನಾವು ಪ್ರಕಟಿಸಿದ ಹದಿನಾಲ್ಕು ಜನರಲ್ಲಿ ಯಾರೂ ರೋಗಿಗಳಲ್ಲ, ಪ್ರಕಟಿಸಿದ್ದು ನಮ್ಮ ತಪ್ಪು. ಈ ಸಲ ಹೆಸರು ಹಾಕಬೇಡಿ. ಆ ಮನೆಗಳಿಗೆ ನೀವೇ ಹೋಗಿ, ಜವಾನನನ್ನು ಕಳಿಸಬೇಡಿ. ಸರೋಜಳಿರುವ ಮೇಗರವಳ್ಳಿ ಕಡೆಯ ಬೋರ್ಡುಗಳಿಂದಲೇ ಶುರುಮಾಡಿ. ಅಲ್ಲಿ ತಡಮಾಡುವಷ್ಟು ಸಮಯವಿಲ್ಲ.

ಇನ್ನು ನೀವು ಕೇಳಿರುವ, ಈ ವರ್ಷ ವಾಹಕರೆಂದು ಗೊತ್ತಾದವರ ಮೂವತ್ತೊಂದು ಹೆಸರುಗಳು. ನಿಮ್ಮ ಪತ್ರ ಬಂದ ಮೇಲೆ ಆರು ದಿನ ರಜೆ ಹಾಕಿ ಅಷ್ಟೂ ಜನರನ್ನು ಭೇಟಿಯಾಗಿ, ಒಬ್ಬೊಬ್ಬರಿಗೇ ಅವರ ಫಲಿತಾಂಶ ತಿಳಿಸಿ, ವರದಿಯನ್ನು ಅವರ ಕೈಗೇ ಕೊಟ್ಟು ಬಂದೆ. ಇವತ್ತು ಬೆಳಿಗ್ಗೆ, ಯಾವ ಸಂಖ್ಯೆಯ ರಕ್ತದ ಮಾದರಿ ಯಾರದೆಂದು ಬರೆದಿಟ್ಟಿದ್ದ ಹಾಳೆಯನ್ನು ಸುಟ್ಟೆ. ಸಂಶೋಧಕಿಯೊಬ್ಬಳು ಮಾಡಬಾರದ ಕೆಲಸ ಅದು. ಮೂರು ವರ್ಷದ ಶ್ರಮದಲ್ಲಿ ಅರ್ಧ ಅದರೊಂದಿಗೇ ಹೋಯಿತು. ನೀವು ಅನುಮತಿ ರದ್ದು ಮಾಡಬಹುದು, ನನ್ನನ್ನು ಕರೆಸಿ ವಿಚಾರಿಸಬಹುದು. ಕೊಡಲು ನನ್ನ ಬಳಿ ಏನೂ ಉಳಿದಿಲ್ಲ.

ಇಂತಿ,
ಮೊದಲ ತಪ್ಪಿನಲ್ಲಿ ನಿಮ್ಮ ಜೊತೆಗಾತಿಯಾಗಿದ್ದ
ಅಕ್ಷಯಾ, ತೀರ್ಥಹಳ್ಳಿ